ಡಬ್ಬಿ ಬದಲಿಸುವ ಮೊದಲು: ಫಾರ್ಮುಲಾ ಒಗ್ಗದ ಮಗುವಿಗೆ ಏನು, ಎಷ್ಟು, ಹೇಗೆ

ಆರು ವಾರದ ಮಗು ಬಾಟಲಿ ಮುಗಿಸಿದ ಮೇಲೆ ಒಂದಿಷ್ಟು ಹಾಲು ಕಕ್ಕುತ್ತದೆ. ಸಂಜೆಯಾದರೆ ರಚ್ಚೆ ಹಿಡಿಯುತ್ತದೆ, ಕಾಲು ಮಡಿಚಿ ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತದೆ. ಮನೆಯವರ ಮೊದಲ ಅನುಮಾನ ಹೋಗುವುದು ಹಾಲಿನ ಪುಡಿಯ, ಅಂದರೆ ಫಾರ್ಮುಲಾದ, ಡಬ್ಬಿಯ ಮೇಲೆ. ಈ ವಾರ ಒಂದು ಬ್ರ್ಯಾಂಡ್, ಮುಂದಿನ ವಾರ ‘ಜೆಂಟಲ್’ ಎಂದು ಬರೆದದ್ದು, ಆಮೇಲೆ ಲ್ಯಾಕ್ಟೋಸ್ ಇಲ್ಲದ್ದು, ಅದೂ ಆಗಲಿಲ್ಲವೆಂದರೆ ಸೋಯಾ. ನಾಲ್ಕು ಡಬ್ಬಿ ಬದಲಾದರೂ ಮಗುವಿಗೆ ಏನಾಗಿದೆ ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ. ಎಳೆಗೂಸಿನ ಅಳು ಆರನೇ ವಾರದ ಹೊತ್ತಿಗೆ ಏರಿ, ಮೂರು–ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇಳಿಯುವಾಗ ಮನೆಯಲ್ಲಿ ಯಾವ ಡಬ್ಬಿ ಇತ್ತೋ ಅದಕ್ಕೆ ಹೆಸರು ಬರುತ್ತದೆ.

ಇದು ಮನೆಯವರ ಗೊಂದಲ ಮಾತ್ರವಲ್ಲ, ವೈದ್ಯರ ಚೀಟಿಗಳಲ್ಲೂ ಕಾಣುತ್ತದೆ. ಬ್ರಿಟನ್ನಿನಲ್ಲಿ ಅಲರ್ಜಿ ಮಕ್ಕಳ ವಿಶೇಷ ಫಾರ್ಮುಲಾಕ್ಕೆ ಬರೆದ ಚೀಟಿಗಳು 2006ರಲ್ಲಿ ಸುಮಾರು 1.05 ಲಕ್ಷ ಇದ್ದವು. 2016ರಲ್ಲಿ 6 ಲಕ್ಷ ದಾಟಿದವು. ಸರ್ಕಾರಿ ಆರೋಗ್ಯ ಸೇವೆಯ ಖರ್ಚು ವರ್ಷಕ್ಕೆ 81 ಲಕ್ಷ ಪೌಂಡ್‌ನಿಂದ 6 ಕೋಟಿ ಪೌಂಡ್‌ಗೂ ಮೇಲೆ ಹೋಯಿತು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಈ ಲೆಕ್ಕ ಮುಂದಿಟ್ಟು, ಅಲರ್ಜಿಯೇ ಅಷ್ಟು ಪಟ್ಟು ಹೆಚ್ಚಿದ್ದಕ್ಕೆ ಪುರಾವೆ ಎಲ್ಲಿದೆ ಎಂದು ಕೇಳಿತು. ಯುರೋಪಿನ ಒಂಬತ್ತು ದೇಶಗಳಲ್ಲಿ ಸುಮಾರು 12 ಸಾವಿರ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ‘ಯೂರೋಪ್ರಿವಾಲ್’ ಅಧ್ಯಯನದಲ್ಲಿ, ಹಾಲು ಕೊಟ್ಟು ಪರೀಕ್ಷಿಸಿ ಖಚಿತಪಡಿಸಿದ ಹಸುವಿನ ಹಾಲಿನ ಅಲರ್ಜಿ ಎರಡು ವರ್ಷದೊಳಗೆ ಶೇ. 0.5ರ ಆಸುಪಾಸಿನಲ್ಲಿತ್ತು. ಬೇರೆ ಅಂದಾಜುಗಳು ಶೇ. 2–3ರವರೆಗೆ ಹೋಗುತ್ತವೆ. ಹೆಚ್ಚಿನ ಅಂಕಿಯನ್ನೇ ಹಿಡಿದರೂ, ‘ಫಾರ್ಮುಲಾ ಒಗ್ಗುತ್ತಿಲ್ಲ’ ಎನ್ನಿಸಿಕೊಳ್ಳುವ ಮಕ್ಕಳ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು. ಇನ್ನೊಂದು ಕಡೆ, ನಿಜವಾಗಿ ಅಲರ್ಜಿಯಿರುವ ಮಗು ವಾರಗಟ್ಟಲೆ ತಪ್ಪು ಡಬ್ಬಿಯಲ್ಲಿ ನರಳುವುದೂ ಉಂಟು. ಎರಡೂ ತಪ್ಪಿಗೆ ಕಾರಣ ಒಂದೇ: ರೋಗ ಯಾವುದೆಂದು ತಿಳಿಯುವ ಮೊದಲೇ ಡಬ್ಬಿ ಆರಿಸುವುದು.

ಮೂರು ಬೇರೆ ಬೇರೆ ತೊಂದರೆಗಳು

ಮೊದಲನೆಯದು ತೊಂದರೆಯೇ ಅಲ್ಲ. ಎಳೆಯ ಮಕ್ಕಳಲ್ಲಿ ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಹಾಲು ಕಕ್ಕುತ್ತವೆ. ನಾಲ್ಕನೇ ತಿಂಗಳಲ್ಲಿ ಇದು ಅತಿ ಹೆಚ್ಚು, ವರ್ಷ ತುಂಬುವ ಹೊತ್ತಿಗೆ ಬಹುತೇಕ ನಿಂತಿರುತ್ತದೆ. ತೂಕ ಏರುತ್ತಿದೆ, ಕಕ್ಕಿದ ಮೇಲೂ ಮಗು ಗೆಲುವಾಗಿದೆ ಎಂದಾದರೆ ಒರೆಸುವ ಬಟ್ಟೆ ಜಾಸ್ತಿ ಇಟ್ಟುಕೊಂಡರೆ ಸಾಕು. ಇಂಥ ಕಡೆ ಡಬ್ಬಿಗಿಂತ ಮೊದಲು ಬಾಟಲಿಯನ್ನು ನೋಡಬೇಕು. 5 ಕೆ.ಜಿ. ಮಗು ದಿನಕ್ಕೆ 1,100 ಮಿ.ಲೀ. ಕುಡಿಯುತ್ತಿದ್ದರೆ ಕಕ್ಕುವುದು ಸಹಜ, ಹೊಟ್ಟೆಯಲ್ಲಿ ಅಷ್ಟಕ್ಕೆ ಜಾಗವಿಲ್ಲ. ನಿಪ್ಪಲ್‌ನ ತೂತು ದೊಡ್ಡದಾಗಿದ್ದು ಐದೇ ನಿಮಿಷದಲ್ಲಿ ಬಾಟಲಿ ಖಾಲಿಯಾಗುತ್ತಿದ್ದರೆ ಮಗು ಹಾಲಿನ ಜೊತೆ ಗಾಳಿಯನ್ನೂ ನುಂಗುತ್ತಿದೆ ಎಂದರ್ಥ.

ಎರಡನೆಯದು ಲ್ಯಾಕ್ಟೋಸ್. ಇದು ಹಾಲಿನಲ್ಲಿರುವ ಸಕ್ಕರೆ. ಇದಕ್ಕೂ ಅಲರ್ಜಿಗೂ ಸಂಬಂಧವಿಲ್ಲ, ಆದರೂ ಇವೆರಡನ್ನು ಕಲಸಿಕೊಳ್ಳುವಷ್ಟು ಬೇರೆ ಯಾವುದನ್ನೂ ಜನ ಕಲಸಿಕೊಳ್ಳುವುದಿಲ್ಲ. ಎದೆಹಾಲಿನಲ್ಲೇ 100 ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಹಸುವಿನ ಹಾಲಿಗಿಂತ ಹೆಚ್ಚು. ಅದನ್ನು ಅರಗಿಸುವ ಕಿಣ್ವವೇ ಇಲ್ಲದೆ ಹುಟ್ಟುವ ಮಗು ಅತಿ ವಿರಳ. ದೊಡ್ಡವರಲ್ಲಿ ಕಾಣುವ ‘ಹಾಲು ಒಗ್ಗದಿರುವಿಕೆ’ ಬಾಲ್ಯ ಕಳೆಯುತ್ತ ಬರುವಂಥದ್ದು, ಕೈಗೂಸಿನದಲ್ಲ. ಮಗುವಿನಲ್ಲಿ ಸಾಮಾನ್ಯವಾಗಿ ಕಾಣುವುದು ಜೋರಾದ ವಾಂತಿಭೇದಿಯಾದ ಮೇಲೆ ಬರುವ ತಾತ್ಕಾಲಿಕ ರೂಪ: ಕರುಳಿನ ಒಳಪದರ ಸವೆದು ಕಿಣ್ವ ಕಡಿಮೆಯಾಗುತ್ತದೆ, ನೊರೆ ನೊರೆಯಾದ ಹುಳಿ ವಾಸನೆಯ ನೀರು ಭೇದಿಯಾಗುತ್ತದೆ, ಡೈಪರ್ ಜಾಗ ಕೆಂಪಾಗಿ ಸುಲಿಯುತ್ತದೆ. ಕೆಲವು ವಾರ ಲ್ಯಾಕ್ಟೋಸ್ ಇಲ್ಲದ ಫಾರ್ಮುಲಾ ಕೊಟ್ಟು ಮತ್ತೆ ಹಳೆಯದಕ್ಕೆ ಮರಳಬಹುದು. ಗ್ಯಾಲಕ್ಟೋಸೀಮಿಯಾ ಎಂಬ ಹುಟ್ಟುರೋಗದ ಮಾತು ಬೇರೆ. ಅದರಲ್ಲಿ ಲ್ಯಾಕ್ಟೋಸ್ ಸಂಪೂರ್ಣ ವರ್ಜ್ಯ, ಅದರ ಚಿಕಿತ್ಸೆಯ ದಾರಿಯೂ ಬೇರೆ.

ಮೂರನೆಯದು ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ. ಇದಕ್ಕೆ ಎರಡು ವೇಗಗಳಿವೆ. ಕುಡಿದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ಪಿತ್ತಗಂಧೆ, ತುಟಿ–ಕಣ್ಣಿನ ಊತ, ವಾಂತಿ, ಕೆಮ್ಮು, ಉಸಿರಿನಲ್ಲಿ ಸುಯ್ಲು ಬಂದರೆ ಅದು ಐಜಿಇ ಎಂಬ ಪ್ರತಿಕಾಯದ ಮೂಲಕ ಆಗುವ ತಕ್ಷಣದ ಬಗೆ. ಮಗು ಬಿಳಿಚಿಕೊಂಡು ಮೈ ಸಡಿಲ ಬಿಟ್ಟರೆ, ಉಸಿರಾಟಕ್ಕೆ ಕಷ್ಟಪಟ್ಟರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಅಲ್ಲಿ ಬೇಕಾದ ಔಷಧ ಅಡ್ರಿನಲಿನ್. ಎರಡನೆಯ ಬಗೆ ನಿಧಾನ: ಎರಡು ಗಂಟೆಯಿಂದ ಎರಡು–ಮೂರು ದಿನದವರೆಗೆ ಯಾವಾಗಲಾದರೂ. ಮಲದಲ್ಲಿ ಲೋಳೆ ಮತ್ತು ರಕ್ತದ ಎಳೆ, ಬಿಡದ ಭೇದಿ, ಪದೇ ಪದೇ ವಾಂತಿ, ಮುಲಾಮಿಗೆ ಬಗ್ಗದ ಎಕ್ಸಿಮಾ (ಇಸುಬು), ಬಾಟಲಿ ಕಂಡರೆ ಮುಖ ತಿರುಗಿಸುವುದು, ಏರದ ತೂಕ. ಇದರಲ್ಲೇ ತೀವ್ರವಾದ ಒಂದು ರೂಪಕ್ಕೆ ಎಫ್‌ಪಿಐಇಎಸ್ ಎನ್ನುತ್ತಾರೆ: ಕುಡಿದ ಒಂದರಿಂದ ನಾಲ್ಕು ಗಂಟೆಯಲ್ಲಿ ಮೇಲಿಂದ ಮೇಲೆ ವಾಂತಿಯಾಗಿ ಮಗು ಸುಸ್ತಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಮೈಮೇಲೆ ಗಂಧೆ ಇರುವುದಿಲ್ಲವಾದ್ದರಿಂದ ಇದನ್ನು ಸೋಂಕು ಎಂದು ತಿಳಿಯುವುದೇ ಹೆಚ್ಚು.

ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮತ್ತು ಐಜಿಇ ರಕ್ತಪರೀಕ್ಷೆ ತಕ್ಷಣದ ಬಗೆಗೆ ಮಾತ್ರ ಉಪಯುಕ್ತ. ನಿಧಾನದ ಬಗೆಯಲ್ಲಿ ಅವು ನೆಗೆಟಿವ್ ಬಂದರೆ ಏನೂ ಸಾಬೀತಾಗುವುದಿಲ್ಲ. ಐಜಿಜಿ ಪ್ರತಿಕಾಯ ನೋಡಿ ‘ಅಸಹಿಷ್ಣುತೆಯ ಪಟ್ಟಿ’ ಕೊಡುವ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಕಿಲ್ಲ. ಲಕ್ಷಣಗಳಿಗೆ ಅಂಕ ಕೊಟ್ಟು ಕೂಡಿಸುವ ‘ಕಾಮಿಸ್’ ಎಂಬ ಪಟ್ಟಿಯೂ ಇದೆ. 33ಕ್ಕೆ 10 ಅಥವಾ ಹೆಚ್ಚು ಬಂದರೆ ಅನುಮಾನಿಸಿ ಎನ್ನುತ್ತದೆ, ಅಷ್ಟೇ. ಅದು ರೋಗನಿರ್ಣಯವಲ್ಲ. ಒಂದೇ ಲಕ್ಷಣ, ಅದರಲ್ಲೂ ಬರಿಯ ಅಳು, ಅಲರ್ಜಿಯಾಗಿರುವುದು ಅಪರೂಪ. ಹೊಟ್ಟೆ, ಚರ್ಮ, ಉಸಿರು ಇವುಗಳಲ್ಲಿ ಎರಡು ಕಡೆ ಒಟ್ಟಿಗೆ ತೊಂದರೆಯಿದ್ದು, ಅದು ಫಾರ್ಮುಲಾ ಶುರುವಾದ ಮೇಲೆಯೇ ಬಂದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಕೆಲವು ಚಿಹ್ನೆಗಳು ಹಾಲಿಗೆ ಸಂಬಂಧಿಸಿದವಲ್ಲ, ಅವಕ್ಕಾಗಿ ಡಬ್ಬಿ ಬದಲಿಸುತ್ತ ಕೂರುವುದು ಅಪಾಯ. ಪಿತ್ತ ಬೆರೆತ ಹಸಿರು ವಾಂತಿ. ಎರಡರಿಂದ ಎಂಟು ವಾರದ ಮಗು ಪ್ರತಿ ಸಲ ದೂರಕ್ಕೆ ಚಿಮ್ಮುವಂತೆ ಮಾಡುವ ವಾಂತಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ. ಉಬ್ಬಿ ಬಿಗಿಯಾದ ಹೊಟ್ಟೆ. ಇವಕ್ಕೆಲ್ಲ ಅದೇ ದಿನ ವೈದ್ಯರು ಬೇಕು.

ಡಬ್ಬಿಯ ಮೇಲಿನ ಮಾತು, ಒಳಗಿನ ಪ್ರೋಟೀನ್

ಸಾಮಾನ್ಯ ಫಾರ್ಮುಲಾದಲ್ಲಿ ಹಸುವಿನ ಹಾಲಿನ ಕೇಸಿನ್ ಮತ್ತು ವೇ ಪ್ರೋಟೀನ್‌ಗಳು ಇಡಿಯಾಗಿರುತ್ತವೆ. ಅಲರ್ಜಿಯ ಮಟ್ಟಿಗೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಇರುವ ನಿಜವಾದ ವ್ಯತ್ಯಾಸವೆಂದರೆ ಈ ಪ್ರೋಟೀನನ್ನು ಎಷ್ಟು ಸಣ್ಣಗೆ ತುಂಡರಿಸಿದ್ದಾರೆ ಎಂಬುದು. ಮುಂಬದಿಯ ಬಣ್ಣದ ಅಕ್ಷರಗಳನ್ನು ಬಿಟ್ಟು ಹಿಂಬದಿಯ ಪದಾರ್ಥ ಪಟ್ಟಿಯ ಪ್ರೋಟೀನ್ ಸಾಲನ್ನು ಓದಿದರೆ ಅರ್ಧ ಕೆಲಸ ಮುಗಿಯಿತು.

‘ಜೆಂಟಲ್’, ‘ಕಂಫರ್ಟ್’, ‘ಎಚ್‌ಎ’ (ಹೈಪೋಅಲರ್ಜೆನಿಕ್) ಎಂದು ಬರೆದವುಗಳಲ್ಲಿ ಹೆಚ್ಚಿನವು ಭಾಗಶಃ ತುಂಡರಿಸಿದವು. ತುಂಡುಗಳು ಇನ್ನೂ ದೊಡ್ಡವೇ, ಅಲರ್ಜಿಯ ಮಗುವಿನ ದೇಹ ಅವನ್ನು ಗುರುತು ಹಿಡಿಯುತ್ತದೆ. ಖಚಿತವಾದ ಅಲರ್ಜಿಗೆ ಇವು ಸಲ್ಲವು. ಇಂಥದೊಂದು ಫಾರ್ಮುಲಾ ಅಲರ್ಜಿ ಬಾರದಂತೆ ತಡೆಯುತ್ತದೆ ಎಂದು ಜಾಹೀರಾತು ಮಾಡಿದ್ದಕ್ಕೆ 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಗರ್ಬರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತ್ತು.

ನಿಜವಾದ ಚಿಕಿತ್ಸೆ ಶುರುವಾಗುವುದು ಪೂರ್ತಿ ತುಂಡರಿಸಿದ, ಅಂದರೆ ಎಕ್ಸ್‌ಟೆನ್ಸಿವ್ಲಿ ಹೈಡ್ರೊಲೈಸ್ಡ್ ಫಾರ್ಮುಲಾದಿಂದ. ಇದರಲ್ಲಿ ಬಹುಪಾಲು ತುಂಡುಗಳು 3,000 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ಚಿಕ್ಕವು. ಅಲರ್ಜಿ ಖಚಿತವಾದ ಮಕ್ಕಳಲ್ಲಿ ಕನಿಷ್ಠ ಶೇ. 90ರಷ್ಟು ಮಂದಿಗೆ ಒಗ್ಗಬೇಕು ಎಂಬುದು ಇವುಗಳಿಗಿರುವ ಒರೆಗಲ್ಲು. ಈ ತಂತ್ರ ಹೊಸದಲ್ಲ. ಕೇಸಿನ್ ತುಂಡರಿಸಿ ಮಾಡಿದ ನ್ಯೂಟ್ರಾಮಿಜೆನ್ 1942ರಿಂದಲೇ ಇದೆ. ಅಲಿಮೆಂಟಮ್, ಆಲ್ಥೆರಾ, ಆಪ್ಟಮಿಲ್ ಪೆಪ್ಟಿ ಇದೇ ಗುಂಪಿನವು. ಇವುಗಳಲ್ಲಿ ಕೆಲವಕ್ಕೆ ಶುದ್ಧೀಕರಿಸಿದ ಲ್ಯಾಕ್ಟೋಸ್ ಸೇರಿಸಿರುತ್ತಾರೆ. ಅಲರ್ಜಿಯ ಮಗುವಿಗೆ ಅದರಿಂದ ತೊಂದರೆಯಿಲ್ಲ, ರುಚಿ ಮಾತ್ರ ಸ್ವಲ್ಪ ಸುಧಾರಿಸುತ್ತದೆ.

ಇದಕ್ಕೂ ಒಗ್ಗದ ಸಣ್ಣ ಗುಂಪಿಗೆ, ಪ್ರಾಣಕ್ಕೆ ಎರವಾಗುವಂಥ ಪ್ರತಿಕ್ರಿಯೆ ಆದವರಿಗೆ, ತೂಕ ಕುಸಿದವರಿಗೆ ಅಮೈನೋ ಆಸಿಡ್ ಫಾರ್ಮುಲಾ: ನಿಯೋಕೇಟ್, ಎಲಿಕೇರ್, ಪ್ಯುರಾಮಿನೋ, ಆಲ್ಫಮಿನೋ. ಇದರಲ್ಲಿ ಪ್ರೋಟೀನ್ ತುಂಡುಗಳೂ ಇಲ್ಲ, ಬಿಡಿ ಅಮೈನೋ ಆಮ್ಲಗಳಷ್ಟೇ. ‘ಇದೇ ಎಲ್ಲಕ್ಕಿಂತ ಸುರಕ್ಷಿತವಲ್ಲವೆ, ಇದರಿಂದಲೇ ಶುರು ಮಾಡೋಣ’ ಎನ್ನುವುದು ಸರಿಯಲ್ಲ. ದುಬಾರಿ ಎಂಬುದು ಒಂದು ಮಾತು. ಬಹುಕಾಲ ಇದೊಂದರ ಮೇಲೇ ಬದುಕಿದ ಕೆಲವು ಮಕ್ಕಳಲ್ಲಿ ರಕ್ತದ ಫಾಸ್ಫೇಟ್ ಇಳಿದು ಮೂಳೆ ಮೆತ್ತಗಾದ ವರದಿಗಳು 2017ರಿಂದ ಬಂದಿವೆ, ಅದು ಇನ್ನೊಂದು. ತಿಂಗಳುಗಟ್ಟಲೆ ಇದರಲ್ಲೇ ಇರುವ ಮಗುವಿಗೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಸೋಯಾ ಫಾರ್ಮುಲಾವನ್ನು ಆರು ತಿಂಗಳೊಳಗೆ ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ. ಹಾಲಿನ ಅಲರ್ಜಿಯಿರುವ ಮಕ್ಕಳಲ್ಲಿ ಒಂದು ಪಾಲಿಗೆ ಸೋಯಾವೂ ಒಗ್ಗುವುದಿಲ್ಲ. ಕೆಲವು ದೇಶಗಳಲ್ಲಿ ಅಕ್ಕಿ ಪ್ರೋಟೀನ್ ತುಂಡರಿಸಿದ ಫಾರ್ಮುಲಾ ಸಿಗುತ್ತದೆ, ಅದು ಮಗುವಿಗೆಂದೇ ತಯಾರಾದದ್ದಾದರೆ ಒಳ್ಳೆಯ ಆಯ್ಕೆ. ಮೇಕೆ ಹಾಲು ‘ಹಗುರ’ ಎಂಬ ನಂಬಿಕೆ ಮಾತ್ರ ಪೂರ್ತಿ ಸುಳ್ಳು: ಹಸುವಿನ ಹಾಲಿನ ಅಲರ್ಜಿಯಿರುವವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಮೇಕೆ ಹಾಲಿಗೂ ಪ್ರತಿಕ್ರಿಯೆ ಬರುತ್ತದೆ. ಎ2 ಹಾಲಿನದೂ ಅಷ್ಟೇ. ಬೀಟಾ ಕೇಸಿನ್ ಎಂಬ ಪ್ರೋಟೀನ್ ಸರಪಳಿಯ 67ನೇ ಜಾಗದಲ್ಲಿ ಎ1 ಬಗೆಯ ಹಾಲಿಗಿಂತ ಒಂದೇ ಒಂದು ಅಮೈನೋ ಆಮ್ಲ ಬೇರೆ. ಉಳಿದ ಪ್ರೋಟೀನೆಲ್ಲ ಅದೇ.

ಬಿಡಿಸಿ ನೋಡುವುದು, ಮತ್ತೆ ಕೊಟ್ಟು ನೋಡುವುದು

ನಿಧಾನದ ಬಗೆಯ ಅಲರ್ಜಿಗೆ ಇರುವ ಪರೀಕ್ಷೆ ಇದೊಂದೇ. ವೈದ್ಯರ ಸಲಹೆಯಂತೆ ಎರಡರಿಂದ ನಾಲ್ಕು ವಾರ ಪೂರ್ತಿ ತುಂಡರಿಸಿದ ಫಾರ್ಮುಲಾ ಬಿಟ್ಟು ಬೇರೆ ಫಾರ್ಮುಲಾವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಕೊಡಬಾರದು. ವಾಂತಿ, ಮಲದ ರಕ್ತ ಬೇಗ ಹತೋಟಿಗೆ ಬರುತ್ತವೆ, ಚರ್ಮಕ್ಕೆ ನಾಲ್ಕು ವಾರವೂ ಬೇಕಾಗಬಹುದು. ಈ ಅವಧಿಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ. ಡಬ್ಬಿ ಬದಲಿಸಿದ ದಿನವೇ ಆಸಿಡ್ ತಗ್ಗಿಸುವ ಔಷಧ, ಹೊಸ ಮುಲಾಮು, ಹೊಟ್ಟೆಯುಬ್ಬರದ ಹನಿ ಎಲ್ಲ ಶುರು ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ಯಾರಿಗೂ ಹೇಳಲಾಗದು. ಪುಸ್ತಕವೊಂದರಲ್ಲಿ ಹೊತ್ತು, ಕುಡಿದ ಮಿ.ಲೀ., ವಾಂತಿ, ಮಲದ ಬಣ್ಣ ಬರೆದಿಡಿ. ಚರ್ಮದ ಫೋಟೊವನ್ನು ಅದೇ ಬೆಳಕಿನಲ್ಲಿ ಎರಡು ದಿನಕ್ಕೊಮ್ಮೆ ತೆಗೆಯಿರಿ.

ಮಗು ಸುಧಾರಿಸಿತು. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ, ತಪ್ಪಾಗುವುದೂ ಇಲ್ಲೇ. ಹಳೆಯ ಹಾಲನ್ನು ಮತ್ತೆ ಕೊಟ್ಟಾಗ ಲಕ್ಷಣ ಮರಳಿದರೆ ಮಾತ್ರ ಅದು ಅಲರ್ಜಿ. ಮರಳದಿದ್ದರೆ, ಸುಧಾರಣೆ ವಯಸ್ಸಿನಿಂದ ಬಂದದ್ದು. ಗುಣವಾದ ಮಗುವಿಗೆ ಬೇಕೆಂದೇ ತೊಂದರೆ ಕೊಡಲು ಯಾವ ತಾಯಿಗೆ ಮನಸ್ಸಾದೀತು? ಆದರೂ ಇದನ್ನು ಮಾಡದೆ ಬಿಟ್ಟರೆ ಅಲರ್ಜಿಯೇ ಇಲ್ಲದ ಮಗು ವರ್ಷವಿಡೀ ಕಹಿ ಹಾಲು ಕುಡಿಯುತ್ತದೆ, ಆಮೇಲೆ ಹಾಲಿನ ಪದಾರ್ಥಗಳನ್ನೂ ವರ್ಷಗಟ್ಟಲೆ ತಪ್ಪಿಸಿಕೊಳ್ಳುತ್ತದೆ.

ತೊಂದರೆ ಸೌಮ್ಯವಾಗಿದ್ದು, ತಕ್ಷಣದ ಪ್ರತಿಕ್ರಿಯೆ ಒಮ್ಮೆಯೂ ಆಗಿರದಿದ್ದರೆ ವೈದ್ಯರು ಇದನ್ನು ಮನೆಯಲ್ಲೇ ಮಾಡಲು ಹೇಳಬಹುದು. ಎರಡೂ ಡಬ್ಬಿಯ ಅಳತೆ 30 ಮಿ.ಲೀ. ನೀರಿಗೆ ಒಂದು ಸ್ಕೂಪ್ ಎಂದಿಟ್ಟುಕೊಳ್ಳಿ. ದಿನದ ಮೊದಲ ಬಾಟಲಿಗೆ 180 ಮಿ.ಲೀ. ನೀರಾದರೆ ಒಟ್ಟು ಆರು ಸ್ಕೂಪ್. ಮೊದಲ ದಿನ ಐದು ಸ್ಕೂಪ್ ವಿಶೇಷ ಫಾರ್ಮುಲಾ, ಒಂದು ಹಳೆಯದು, ಮರುದಿನ ನಾಲ್ಕು–ಎರಡು, ಹೀಗೆ ಆರನೇ ದಿನಕ್ಕೆ ಆ ಒಂದು ಬಾಟಲಿ ಪೂರ್ತಿ ಹಳೆಯ ಫಾರ್ಮುಲಾ ಆಗಿರುತ್ತದೆ. ಉಳಿದ ಬಾಟಲಿಗಳು ಅಲ್ಲಿಯವರೆಗೆ ವಿಶೇಷ ಫಾರ್ಮುಲಾವೇ. ಏಳನೇ ದಿನದಿಂದ ಬೇರೆ ಬಾಟಲಿಗಳಿಗೂ ವಿಸ್ತರಿಸಬೇಕು. ನಡುವೆ ಲಕ್ಷಣ ಸ್ಪಷ್ಟವಾಗಿ ಮರಳಿದರೆ ಅಲ್ಲಿಗೆ ನಿಲ್ಲಿಸಿ ವಿಶೇಷ ಫಾರ್ಮುಲಾಕ್ಕೆ ಹಿಂದಿರುಗುವುದು, ನಿರ್ಣಯ ಸಿಕ್ಕಿತು. ಮಗುವಿಗೆ ನೆಗಡಿ, ಭೇದಿ ಇರುವಾಗ, ಲಸಿಕೆ ಹಾಕಿಸಿದ ವಾರದಲ್ಲಿ ಇದಕ್ಕೆ ಕೈಹಾಕಬೇಡಿ, ಫಲಿತಾಂಶ ಓದಲಾಗುವುದಿಲ್ಲ. ಗಂಧೆ, ಊತ, ಉಸಿರಿನ ತೊಂದರೆ ಎಂದಾದರೂ ಆಗಿದ್ದರೆ, ಎಫ್‌ಪಿಐಇಎಸ್ ಅನುಮಾನವಿದ್ದರೆ, ತೀವ್ರ ಎಕ್ಸಿಮಾ ಇದ್ದರೆ ಈ ಪ್ರಯೋಗ ಆಸ್ಪತ್ರೆಯಲ್ಲೇ ಆಗಬೇಕು, ಮನೆಯಲ್ಲಿ ಖಂಡಿತ ಕೂಡದು.

ನಾಲ್ಕು ವಾರ ಕೊಟ್ಟರೂ ಸುಧಾರಣೆ ಇಲ್ಲವೆ? ಬೇರೆ ದಾರಿಯಿಂದ ಹಾಲು ಒಳಗೆ ಹೋಗುತ್ತಿರಬಹುದು. ಮಗು ಉಳಿದ ಶೇ. 10ರ ಗುಂಪಿನಲ್ಲಿದ್ದು ಅದಕ್ಕೆ ಅಮೈನೋ ಆಸಿಡ್ ಫಾರ್ಮುಲಾ ಬೇಕಾಗಿರಬಹುದು. ಅಥವಾ ಮೊದಲ ಅನುಮಾನವೇ ತಪ್ಪು. ಲಕ್ಷಣಗಳು ಸೌಮ್ಯವಾಗಿದ್ದರೆ ಕೊನೆಯದೇ ಹೆಚ್ಚು ಸಂಭವನೀಯ.

ಎದೆಹಾಲು ಮತ್ತು ಫಾರ್ಮುಲಾ ಎರಡೂ ಕುಡಿಯುವ ಮಗುವಾದರೆ ಎದೆಹಾಲು ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಬಾಟಲಿ ಕೊಟ್ಟಾಗ ಮಾತ್ರ ತೊಂದರೆ ಬರುತ್ತಿದ್ದರೆ ತಾಯಿ ಪಥ್ಯ ಮಾಡಬೇಕಾದದ್ದೂ ಇಲ್ಲ. ಬರೀ ಎದೆಹಾಲಿನಲ್ಲೂ ಲಕ್ಷಣ ಇದ್ದರೆ ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥ ಬಿಟ್ಟು, ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ, 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಂಡು, ಅವಧಿ ಮುಗಿದ ಮೇಲೆ ತಾನೇ ಹಾಲು ಸೇವಿಸಿ ನೋಡಬೇಕು.

ಒಂದು ಬಾಟಲಿಯ ಲೆಕ್ಕ

ಸರಿಯಾದ ಡಬ್ಬಿ ಮನೆಗೆ ಬಂದ ಮೇಲೂ ಎಡವಟ್ಟಾಗುವುದು ಅಡುಗೆಮನೆಯ ಕಟ್ಟೆಯ ಮೇಲೆ. ಹಾಲಿನ ಪುಡಿ ಕ್ರಿಮಿರಹಿತವಲ್ಲ. ಅದರಲ್ಲಿ ಅಪರೂಪಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಎಳೆಗೂಸಿಗೆ ಅದು ಮಾರಕ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾರ್ಗಸೂಚಿ 70 ಡಿಗ್ರಿಗಿಂತ ಕಡಿಮೆಯಾಗದ ನೀರಿನಲ್ಲಿ ಪುಡಿ ಕಲಸಲು ಹೇಳುತ್ತದೆ. ಕುದಿಸಿದ ಒಂದು ಲೀಟರ್ ನೀರನ್ನು ಮುಚ್ಚಿಟ್ಟು ಅರ್ಧ ಗಂಟೆಯೊಳಗೆ ಬಳಸಿದರೆ ಸಾಮಾನ್ಯವಾಗಿ ಅಷ್ಟು ಬಿಸಿ ಇರುತ್ತದೆ. ವಿಶೇಷ ಫಾರ್ಮುಲಾಗಳಲ್ಲಿ ಇದು ತುಸು ತೊಡಕು. ಕೆಲವಕ್ಕೆ ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ, ಸೇರಿಸಿರುತ್ತಾರೆ, ಬಿಸಿಗೆ ಅದು ಸಾಯುತ್ತದೆ. ಕೆಲವು ಬಿಸಿನೀರಿನಲ್ಲಿ ಗಂಟುಕಟ್ಟುತ್ತವೆ. ಆ ಡಬ್ಬಿಗಳ ಮೇಲೆ ‘ಕುದಿಸಿ ಆರಿಸಿದ ನೀರು’ ಎಂದಿರುತ್ತದೆ. ಮಗು ಎರಡು ತಿಂಗಳೊಳಗಿನದು, ಅವಧಿಗೆ ಮುನ್ನ ಹುಟ್ಟಿದ್ದು ಅಥವಾ ರೋಗನಿರೋಧಕ ಶಕ್ತಿ ಕಡಿಮೆಯಿರುವುದಾದರೆ ಈ ಎರಡು ಸಲಹೆಗಳಲ್ಲಿ ಯಾವುದನ್ನು ಪಾಲಿಸಬೇಕು, ಕಲಸಿಯೇ ಬರುವ ದ್ರವ ರೂಪ ಸಿಗುತ್ತದೆಯೇ ಎಂದು ವೈದ್ಯರನ್ನೇ ಕೇಳಬೇಕು.

ಮೊದಲು ನೀರು, ಆಮೇಲೆ ಪುಡಿ. ಬಾಟಲಿಯನ್ನು ಸಮತಟ್ಟಾದ ಕಡೆ ಇಟ್ಟು, ಗೆರೆಯ ಎತ್ತರಕ್ಕೆ ಕಣ್ಣು ತಂದು 90 ಮಿ.ಲೀ. ಅಳೆಯಿರಿ. ಸ್ಕೂಪನ್ನು ಪುಡಿಯಲ್ಲಿ ಒತ್ತದೆ ತುಂಬಿ, ಚಾಕುವಿನ ಬೆನ್ನಿನಿಂದ ಗೀರಿ ಸಮ ಮಾಡಿ ಹಾಕಿ. ಮೂರು ಸ್ಕೂಪ್ ಕರಗಿದ ಮೇಲೆ ಹಾಲು ಸುಮಾರು 100 ಮಿ.ಲೀ. ಆಗಿರುತ್ತದೆ, ಪುಡಿ ಜಾಗ ಹಿಡಿಯುವುದರಿಂದ. ಪುಡಿ ಮೊದಲು ಹಾಕಿ 90ರ ಗೆರೆವರೆಗೆ ನೀರು ತುಂಬಿದರೆ ಹಾಲು ಗಟ್ಟಿಯಾಗುತ್ತದೆ; ಒಂದು ದಿನಕ್ಕೆ ಏನೂ ಕಾಣದಿದ್ದರೂ ದಿನ ಕಳೆದಂತೆ ಮಲ ಗಟ್ಟಿಯಾಗಿ, ರಕ್ತದ ಸೋಡಿಯಂ ಏರಿ ಮಗು ಬಾಯಾರಿ ಒಣಗಬಹುದು. ಪುಡಿ ಉಳಿಸಲೆಂದು ನೀರು ಹೆಚ್ಚಿಸಿದರೆ ಸೋಡಿಯಂ ಇಳಿದು ಫಿಟ್ಸ್ ಬರುವವರೆಗೂ ಹೋಗಬಹುದು. ವಿಶೇಷ ಡಬ್ಬಿ ದುಬಾರಿಯಾದ್ದರಿಂದ ಈ ಎರಡನೆಯ ತಪ್ಪಿನ ಆಸೆ ಇಲ್ಲಿ ಹೆಚ್ಚು.

ಒಂದು ಡಬ್ಬಿಯ ಸ್ಕೂಪನ್ನು ಇನ್ನೊಂದಕ್ಕೆ ಬಳಸಲೇಬಾರದು. ಒಂದರದು ಸುಮಾರು ನಾಲ್ಕೂವರೆ ಗ್ರಾಂ ಹಿಡಿದು 30 ಮಿ.ಲೀ. ನೀರಿಗೆ ಹೊಂದುತ್ತದೆ, ಇನ್ನೊಂದರದು ಒಂಬತ್ತು ಗ್ರಾಂನ ಹತ್ತಿರ ಹಿಡಿದು 60 ಮಿ.ಲೀ.ಗೆ. ಬೇರೆ ದೇಶದಿಂದ ತರಿಸಿದ ಡಬ್ಬಿಯಲ್ಲಿ ಈ ಅದಲುಬದಲು ಆದರೆ ಹಾಲು ಅರ್ಧಕ್ಕೆ ತೆಳುವಾಗುತ್ತದೆ ಇಲ್ಲವೇ ಇಮ್ಮಡಿ ಗಟ್ಟಿಯಾಗುತ್ತದೆ. ಅವಳಿ ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಅಲರ್ಜಿಯಿರುವ ಮನೆಯಲ್ಲಿ ಸ್ಕೂಪ್, ಬಾಟಲಿ, ತೊಳೆಯುವ ಬ್ರಷ್ ಎಲ್ಲಕ್ಕೂ ಬೇರೆ ಬಣ್ಣದ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಜೋರಾಗಿ ಕುಲುಕಿದರೆ ನೊರೆ ಏಳುತ್ತದೆ. ಮುಚ್ಚಳ ಬಿಗಿದು ಬಾಟಲಿಯನ್ನು ಸುತ್ತಿಸಿದಂತೆ ಆಡಿಸಿ, ಒಂದೆರಡು ನಿಮಿಷ ಬಿಟ್ಟರೆ ಗುಳ್ಳೆ ಒಡೆಯುತ್ತವೆ. ತಣ್ಣೀರಿನ ಧಾರೆಯಡಿ ಆರಿಸಿ ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ. ಕಲಸಿದ ಹಾಲು ಹೊರಗಿದ್ದರೆ ಎರಡು ಗಂಟೆಯೊಳಗೆ ಮುಗಿಯಬೇಕು; ಫ್ರಿಜ್‌ನಲ್ಲಿ 5 ಡಿಗ್ರಿಗಿಂತ ಕೆಳಗೆ 24 ಗಂಟೆ ಇಡಬಹುದು. ಮಗು ಬಾಯಿ ಹಾಕಿದ ಬಾಟಲಿಯಲ್ಲಿ ಮಿಕ್ಕದ್ದನ್ನು ಒಂದು ಗಂಟೆಯ ಮೇಲೆ ಇಡಬಾರದು, ಎಷ್ಟೇ ಬೆಲೆಯದಾದರೂ ಚೆಲ್ಲಬೇಕು. ಅದಕ್ಕೇ ಹೊಸ ಹಾಲಿಗೆ ಒಗ್ಗುವವರೆಗೆ 60 ಮಿ.ಲೀ.ನಂತೆ ಸಣ್ಣ ಸಣ್ಣದಾಗಿ ಕಲಸುವುದು ಜಾಣತನ.

ಎಷ್ಟು ಕೊಡಬೇಕು? ಮೊದಲ ಆರು ತಿಂಗಳಲ್ಲಿ ದಿನಕ್ಕೆ ಕೆ.ಜಿ. ತೂಕಕ್ಕೆ ಸುಮಾರು 150 ಮಿ.ಲೀ. 5 ಕೆ.ಜಿ. ಮಗುವಿಗೆ 750 ಮಿ.ಲೀ.; ಆರು ಸಲವಾದರೆ ಸಲಕ್ಕೆ 125, ಎಂಟು ಸಲವಾದರೆ 95ರಷ್ಟು. ಇದು ಅಂದಾಜು, ಮಗುವಿನ ಹಸಿವೇ ಅಂತಿಮ. ದಿನಕ್ಕೆ ಆರಾದರೂ ಒದ್ದೆ ಡೈಪರ್, ಮೊದಲ ಮೂರು ತಿಂಗಳಲ್ಲಿ ವಾರಕ್ಕೆ 150–200 ಗ್ರಾಂ ತೂಕ ಏರಿಕೆ ಇದ್ದರೆ ಸಾಕಷ್ಟು ಹೋಗುತ್ತಿದೆ ಎಂದು ನೆಮ್ಮದಿಯಿಂದಿರಬಹುದು.

ಕುಡಿಯಲೊಲ್ಲದ ಮಗು

ಪೂರ್ತಿ ತುಂಡರಿಸಿದ ಫಾರ್ಮುಲಾದ ಡಬ್ಬಿ ತೆರೆದವರಿಗೆ ಅದರ ವಾಸನೆ ಮರೆಯುವುದಿಲ್ಲ: ಬೆಂದ ಆಲೂಗಡ್ಡೆ ಹಳಸಿದಂಥ ಗಂಧಕದ ವಾಸನೆ, ನಾಲಿಗೆಗೆ ಕಹಿ, ಹಿಂದೆಯೇ ಹುಳಿ. ಪ್ರೋಟೀನ್ ಸಣ್ಣದಾದಷ್ಟೂ ಕಹಿ ಹೊರಗೆ ಬರುತ್ತದೆ. ಮೂರು–ನಾಲ್ಕು ತಿಂಗಳೊಳಗಿನ ಮಗು ಇದನ್ನು ತಕರಾರಿಲ್ಲದೆ ಕುಡಿಯುತ್ತದೆ. ಎಳೆಯ ಮಕ್ಕಳ ರುಚಿಯ ಬಗ್ಗೆ ಸಂಶೋಧನೆ ಮಾಡಿದ ಜೂಲಿ ಮೆನ್ನೆಲ್ಲಾ ಅವರ ಪ್ರಯೋಗಗಳು ತೋರಿಸಿದಂತೆ, ಆ ವಯಸ್ಸು ದಾಟಿದ ಮೇಲೆ ಮೊದಲ ಸಲ ಕೊಟ್ಟರೆ ತಿರಸ್ಕಾರ ಜೋರಾಗಿರುತ್ತದೆ. ಮಗುವಿನೆದುರು ದೊಡ್ಡವರು ಮೂಗು ಮುರಿಯದಿರುವುದೂ ಒಂದು ಉಪಾಯವೇ.

ತಕ್ಷಣದ ಬಗೆಯ ಅಲರ್ಜಿಯಲ್ಲಿ ಬೆರೆಸುವ ಮಾತಿಲ್ಲ, ಒಂದೇ ಸಲಕ್ಕೆ ಪೂರ್ತಿ ಬದಲಾಗಬೇಕು. ಸೌಮ್ಯವಾದ ನಿಧಾನದ ಬಗೆಯಲ್ಲಿ, ವೈದ್ಯರು ಒಪ್ಪಿದರೆ, ಎರಡನ್ನೂ ಅವುಗಳ ಡಬ್ಬಿಯ ಅಳತೆಯಂತೆ ಬೇರೆ ಬೇರೆ ಕಲಸಿ ಆಮೇಲೆ ಹಾಲನ್ನು ಬೆರೆಸಿ: ಎರಡು ದಿನ 90 ಮಿ.ಲೀ. ಹಳೆಯದಕ್ಕೆ 30 ಹೊಸದು, ಆಮೇಲೆ ಸಮಸಮ, ಆಮೇಲೆ 30ಕ್ಕೆ 90, ಕೊನೆಗೆ ಪೂರ್ತಿ. ಎರಡರಿಂದ ನಾಲ್ಕು ವಾರದ ಎಣಿಕೆ ಶುರುವಾಗುವುದು ಹಳೆಯದು ಪೂರ್ತಿ ನಿಂತ ದಿನದಿಂದ. ಹಸಿವು ನೆತ್ತಿಗೇರುವ ಮುನ್ನ, ಅರೆನಿದ್ದೆಯಲ್ಲಿ ಕೊಟ್ಟರೆ, ಅಥವಾ ತುಸು ತಣ್ಣಗಿದ್ದರೆ ಕೆಲವು ಮಕ್ಕಳು ಕುಡಿಯುತ್ತವೆ. ಸಕ್ಕರೆ ಸೇರಿಸಬೇಡಿ. ಜೇನು ವರ್ಷದೊಳಗಿನ ಮಗುವಿಗೆ ವಿಷವೇ ಸರಿ, ಸ್ನಾಯುಗಳನ್ನು ಸೋಲಿಸುವ ಬಾಟ್ಯುಲಿಸಂ ಎಂಬ ರೋಗ ಬರಬಹುದು. ದಿನದ ಪ್ರಮಾಣದ ಅರ್ಧವೂ ಹೋಗದಿದ್ದರೆ, ಡೈಪರ್ ಒಣಗಿದ್ದರೆ ಹಟ ಹಿಡಿದು ಕಾಯಬಾರದು. ರುಚಿ ಉತ್ತಮವಿರುವ ಬೇರೆ ಬ್ರ್ಯಾಂಡ್ ಇದೇ ಗುಂಪಿನಲ್ಲಿ ಸಿಗುತ್ತದೆ.

ಹೊಸ ಹಾಲಿಗೆ ಮಲ ಹಸಿರಾಗುತ್ತದೆ, ಸಡಿಲವಾಗುತ್ತದೆ, ನಾರುತ್ತದೆ. ಅಮೈನೋ ಆಸಿಡ್ ಫಾರ್ಮುಲಾದಲ್ಲಿ ಕಡುಹಸಿರಾಗಿ ಕಪ್ಪಿಗೆ ತಿರುಗಿದಂತೆಯೂ ಕಾಣಬಹುದು. ಇದನ್ನು ಕಂಡು ‘ಇದೂ ಒಗ್ಗಲಿಲ್ಲ’ ಎಂದು ಮೂರನೇ ದಿನಕ್ಕೇ ನಿಲ್ಲಿಸುವವರು ಬಹಳ. ಹೊಸದಾಗಿ ರಕ್ತ ಕಂಡರೆ, ನೀರಿನಂಥ ಭೇದಿ ಪದೇ ಪದೇ ಆದರೆ ಮಾತ್ರ ಗಾಬರಿಗೆ ಕಾರಣವಿದೆ.

ಡಬ್ಬಿ ಸಿಗದಾಗ

2022ರ ಫೆಬ್ರವರಿ 17ರಂದು ಅಬಾಟ್ ಕಂಪನಿ ಮಿಶಿಗನ್‌ನ ಸ್ಟರ್ಗಿಸ್ ಕಾರ್ಖಾನೆಯಲ್ಲಿ ತಯಾರಾದ ಸಿಮಿಲ್ಯಾಕ್, ಅಲಿಮೆಂಟಮ್, ಎಲಿಕೇರ್ ಪುಡಿಗಳನ್ನು ಕ್ರೋನೋಬ್ಯಾಕ್ಟರ್ ಭೀತಿಯಿಂದ ವಾಪಸ್ ಪಡೆಯಿತು. ಕಾರ್ಖಾನೆಯೂ ತಿಂಗಳುಗಟ್ಟಲೆ ನಿಂತಿತು. ಸಾಮಾನ್ಯ ಫಾರ್ಮುಲಾ ಕುಡಿಯುವ ಮಗು ಬೇರೆ ಬ್ರ್ಯಾಂಡಿಗೆ ಹೋಗಬಹುದಿತ್ತು. ಎಲಿಕೇರ್ ಒಂದನ್ನೇ ನಂಬಿದ್ದ ಮಗುವಿಗೆ ಆ ಸುಲಭ ಇರಲಿಲ್ಲ. ಅಮೆರಿಕ ಸರ್ಕಾರ ವಿಮಾನದಲ್ಲಿ ಫಾರ್ಮುಲಾ ತರಿಸಬೇಕಾಯಿತು. ಬ್ರ್ಯಾಂಡಿನ ಹೆಸರಿಗಿಂತ ಗುಂಪಿನ ಹೆಸರು ಗೊತ್ತಿರುವುದು ಇಂಥ ಹೊತ್ತಿಗೆ ಕೆಲಸಕ್ಕೆ ಬರುತ್ತದೆ: ಪೂರ್ತಿ ತುಂಡರಿಸಿದ್ದಕ್ಕೆ ಬದಲು ಅದೇ ಬಗೆಯ ಇನ್ನೊಂದು, ಅದೂ ಸಿಗದಿದ್ದರೆ ಅಮೈನೋ ಆಸಿಡ್. ಕೆಳಕ್ಕೆ, ಅಂದರೆ ‘ಜೆಂಟಲ್’ ಕಡೆಗೆ ಇಳಿಯುವಂತಿಲ್ಲ. ಎರಡು ವಾರಕ್ಕಾಗುವಷ್ಟು ಮುಂಗಡವಾಗಿ ಇಟ್ಟುಕೊಂಡಿರಿ.

ಬಾದಾಮಿ, ಓಟ್ಸ್, ಅಕ್ಕಿ, ತೆಂಗಿನ ‘ಹಾಲು’ ಮಗುವಿನ ಮುಖ್ಯ ಆಹಾರವಾಗಲಾರವು. ಮನೆಯಲ್ಲೇ ಫಾರ್ಮುಲಾ ಮಾಡುವ ವಿಧಾನಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಅಂಥದ್ದನ್ನು ಕುಡಿದು ಕ್ಯಾಲ್ಸಿಯಂ ಕುಸಿದು ಆಸ್ಪತ್ರೆ ಸೇರಿದ ಮಕ್ಕಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲೇ ಎಚ್ಚರಿಸಿತ್ತು. ಕಾರ್ಖಾನೆಯಲ್ಲೇ ಒಂದು ಪದಾರ್ಥ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ದಾಖಲೆಗಳಿವೆ. 1979ರಲ್ಲಿ ನಿಯೋ-ಮಲ್-ಸೋಯ್ ಎಂಬ ಸೋಯಾ ಫಾರ್ಮುಲಾದಲ್ಲಿ ಕ್ಲೋರೈಡ್ ಕಡಿಮೆಯಾಗಿ ಮಕ್ಕಳ ಬೆಳವಣಿಗೆ ನಿಂತಿತು, ಮರುವರ್ಷ ಅಮೆರಿಕ ಇನ್‌ಫ್ಯಾಂಟ್ ಫಾರ್ಮುಲಾ ಕಾಯ್ದೆ ತಂದಿತು. 2003ರಲ್ಲಿ ಇಸ್ರೇಲಿನಲ್ಲಿ ರೆಮೀಡಿಯಾ ಸೋಯಾ ಫಾರ್ಮುಲಾದಲ್ಲಿ ಥಯಾಮಿನ್ (ವಿಟಮಿನ್ ಬಿ1) ಇಲ್ಲದೆ ಎಳೆಯ ಮಕ್ಕಳು ಸತ್ತವು. ಎರಡೂ ಕಡೆ ಮಕ್ಕಳ ಹೊಟ್ಟೆ ತುಂಬಿತ್ತು, ಬೇಕಾದ ಒಂದು ಪದಾರ್ಥ ಮಾತ್ರ ಸಾಕಷ್ಟಿರಲಿಲ್ಲ.

ಆರು ತಿಂಗಳ ನಂತರ

ಮೇಲೂಟ ಆರು ತಿಂಗಳ ಆಸುಪಾಸಿನಲ್ಲಿ ಎಲ್ಲ ಮಕ್ಕಳಂತೆಯೇ. ಹಾಲಿನ ಅಲರ್ಜಿಯಿದೆ ಎಂದು ಮೊಟ್ಟೆ, ಕಡಲೆಕಾಯಿ ತಡಮಾಡುವುದರಿಂದ ಲಾಭವಿಲ್ಲ, ನಷ್ಟವೇ. ತೀವ್ರ ಎಕ್ಸಿಮಾ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ. ಪೊಟ್ಟಣಗಳ ಮೇಲೆ ಹಾಲು ಬೇರೆ ಹೆಸರಿನಲ್ಲಿ ಅಡಗಿರುತ್ತದೆ: ಕೇಸಿನ್, ಕೇಸಿನೇಟ್, ವೇ, ಮಿಲ್ಕ್ ಸಾಲಿಡ್ಸ್. ಕೆಲವು ಪ್ರೋಬಯಾಟಿಕ್ ಪುಡಿಗಳಲ್ಲೂ ಹಾಲಿನ ಅಂಶ ಇರುತ್ತದೆ.

ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸಿಗೆ, ಅಥವಾ ಪಥ್ಯ ಶುರುವಾಗಿ ಆರು ತಿಂಗಳಾದ ಮೇಲೆ ಮತ್ತೆ ಪರಿಶೀಲನೆ. ಹೆಚ್ಚಿನ ಮಕ್ಕಳಲ್ಲಿ ಈ ಅಲರ್ಜಿ ಹೊರಟುಹೋಗುತ್ತದೆ. ಯೂರೋಪ್ರಿವಾಲ್‌ನಲ್ಲಿ ನಿಧಾನದ ಬಗೆಯಿದ್ದ ಎಲ್ಲ ಮಕ್ಕಳಿಗೂ, ತಕ್ಷಣದ ಬಗೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೂ, ನಿರ್ಣಯವಾದ ಒಂದು ವರ್ಷಕ್ಕೆ ಹಾಲು ಒಗ್ಗಿತ್ತು. ನಿಧಾನದ ಬಗೆಯವರಿಗೆ ಮರಳುವ ದಾರಿ ‘ಹಾಲಿನ ಏಣಿ’: ಹಾಲು ಸೇರಿಸಿ ಚೆನ್ನಾಗಿ ಬೇಯಿಸಿದ ಬಿಸ್ಕತ್ತಿನ ಚೂರಿನಿಂದ ಶುರುಮಾಡಿ, ಕೇಕಿನಂಥದ್ದು, ಕಾವಲಿಯ ಮೇಲೆ ಕಡಿಮೆ ಹೊತ್ತು ಬೇಯುವ ಪ್ಯಾನ್‌ಕೇಕ್, ಚೀಸ್, ಮೊಸರು, ಕೊನೆಗೆ ಹಾಲು. ಹೆಚ್ಚು ಹೊತ್ತಿನ ಬೇಕಿಂಗ್ ಶಾಖಕ್ಕೆ, ಗೋಧಿಹಿಟ್ಟಿನ ಜೊತೆ ಸೇರಿದಾಗ, ವೇ ಪ್ರೋಟೀನ್‌ನ ಆಕಾರ ಕೆಡುತ್ತದೆ, ದೇಹ ಅದನ್ನು ಗುರುತಿಸುವುದು ಕಡಿಮೆಯಾಗುತ್ತದೆ. ಕೇಸಿನ್ ಶಾಖಕ್ಕೆ ಅಷ್ಟಾಗಿ ಜಗ್ಗುವುದಿಲ್ಲ, ಹಾಗಾಗಿ ಬಿಸ್ಕತ್ತು ಒಗ್ಗಿದ ಮಗುವಿಗೆ ಹಾಲೂ ಒಗ್ಗುತ್ತದೆಂದು ಮೆಟ್ಟಿಲು ಹಾರಿಸುವಂತಿಲ್ಲ. ಒಂದು ಮೆಟ್ಟಿಲಲ್ಲಿ ಲಕ್ಷಣ ಕಂಡರೆ ಕೆಳಗಿನದಕ್ಕೆ ಇಳಿದು, ಅಲ್ಲಿ ಒಗ್ಗುತ್ತಿರುವುದನ್ನು ಮುಂದುವರಿಸುತ್ತ, ಕೆಲವು ವಾರ ಬಿಟ್ಟು ಮತ್ತೆ ಹತ್ತಬೇಕು. ತಕ್ಷಣದ ಬಗೆಯ ಮತ್ತು ಎಫ್‌ಪಿಐಇಎಸ್ ಮಕ್ಕಳಿಗೆ ಈ ಏಣಿಯ ಮೊದಲ ಮೆಟ್ಟಿಲನ್ನೂ ಅಲರ್ಜಿ ತಜ್ಞರು ಹೇಳದೆ ಮನೆಯಲ್ಲಿ ಇಡಬಾರದು.